ಎಕ್ಸಿಟ್ ಕೋಡ್ ಸಾಹೇಬ್ರು

2020ರ ಲಾಕ್‌ಡೌನ್‌ನಲ್ಲಿ ಲ್ಯಾಪ್‌ಟಾಪ್ ಹೊತ್ತು ಬೆಂಗಳೂರಿನಿಂದ ಬಂದ ಸಾಫ್ಟ್‌ವೇರ್ ಟೆಸ್ಟಿಂಗ್ ಹುಡುಗರಲ್ಲಿ ಕೆಲವರು ಹಾವೇರಿ, ರಾಣೇಬೆನ್ನೂರು ಕಡೆಯೇ ಉಳಿದುಬಿಟ್ಟರು. ಅಂಥ ಒಬ್ಬರು ಬ್ಯಾಡಗಿಯಲ್ಲಿ ಅಪ್ಪನ ದಲಾಲಿ ಅಂಗಡಿಯ ಮಾಳಿಗೆ ಮೇಲೆ ಕೂರುತ್ತಾರೆ. ಮೀಟಿಂಗ್ ನಡುವೆ ಸೀನಿದರೆ ಅದು ನೆಗಡಿಯಲ್ಲ. 2011ರಲ್ಲಿ ಜಿಐ ಟ್ಯಾಗ್ ಪಡೆದ ಇಲ್ಲಿಯ ಮೆಣಸಿನಕಾಯಿ ಬಣ್ಣ ಹೆಚ್ಚು, ಖಾರ ಕಡಿಮೆ ಎಂದೇ ಹೆಸರುವಾಸಿ. ಮೂಗಿಗೆ ಮಾತ್ರ ಆ ರಿಯಾಯಿತಿ ಇಲ್ಲ.

ಇವರು ಮಾತು ನಂಬುವ ಪೈಕಿಯಲ್ಲ. ಪ್ರೋಗ್ರಾಂ ಪರದೆ ತುಂಬ 'ಸಕ್ಸಸ್' ಎಂದು ಬರೆದು ಮುಗಿಯಲಿ, ಕೇಳುವುದು ಒಂದೇ: "ಎಕ್ಸಿಟ್ ಕೋಡ್ ಎಷ್ಟು?" ಪ್ರೋಗ್ರಾಂ ಮುಗಿಯುವಾಗ ಬಿಟ್ಟುಹೋಗುವ ಆ ಅಂಕಿ ಸೊನ್ನೆ ಇದ್ದರೆ ಪಾಸು, ಬೇರೆ ಏನೇ ಇದ್ದರೂ ಫೇಲು. ಗಣಿತದಲ್ಲಿ ಸೊನ್ನೆ ತಂದು ಮಾಸ್ತರರ ಏಟು ತಿಂದ ಮಗ, ಈಗ ಸೊನ್ನೆ ಬಂತೆಂದು ಮಿರ್ಚಿ ಮಂಡಕ್ಕಿ ತರಿಸುವುದು ಅವ್ವನಿಗೆ ಇನ್ನೂ ಅರ್ಥವಾಗಿಲ್ಲ.

ತಂಡದ ಹೊಸ ಹುಡುಗನೊಬ್ಬ ಫೇಲಾದ ಟೆಸ್ಟ್‌ಗಳ ಎಣಿಕೆಯನ್ನೇ ಎಕ್ಸಿಟ್ ಕೋಡ್ ಮಾಡಿಬಿಟ್ಟ. ಲಿನಕ್ಸ್‌ನಲ್ಲಿ ಆ ಅಂಕಿಗೆ 0ಯಿಂದ 255ರವರೆಗೆ ಮಾತ್ರ ಜಾಗ. 256 ಕೊಟ್ಟರೆ ಮತ್ತೆ ಸೊನ್ನೆ. "255 ಫೇಲಾದ್ರ ಫೇಲು, ಇನ್ನೊಂದು ಫೇಲಾದ್ರ ಪಾಸೇನೋ ತಮ್ಮಾ?" ಎಂದು ಸಾಹೇಬರು ಫೋನಿನಲ್ಲಿ ಕೂಗಿದ್ದು ಕೆಳಗೆ ಚೀಲ ಹೊರುವ ಹಮಾಲರಿಗೂ ಕೇಳಿತು. ಅವರು ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂತೆಂದುಕೊಂಡರು.

ಜಾವಾ ಕೋಡಿನಲ್ಲಿ 'ಸಿಸ್ಟಂ ಎಕ್ಸಿಟ್' ಕಂಡರಂತೂ ಬಿಪಿ ಏರುತ್ತದೆ. ಅದು ಟೆಸ್ಟ್ ಓಡುತ್ತಿರುವ ಜೆವಿಎಂ ಎಂಬ ಜಾವಾ ಎಂಜಿನ್ನನ್ನೇ ಮುಗಿಸುವುದರಿಂದ ಉಳಿದ ಟೆಸ್ಟ್‌ಗಳ ಸರದಿಯೇ ಬರುವುದಿಲ್ಲ. ಬೀಗರು ಹೊರಡುವಾಗ ಮನೆಯ ತೊಲೆ ಕಿತ್ತುಕೊಂಡು ಹೋದಂತೆ! ಪೈಥಾನ್ ವಾಸಿ. ಅಲ್ಲಿ ಹೊರಡುವ ಪ್ರೋಗ್ರಾಂ 'ಸಿಸ್ಟಂಎಕ್ಸಿಟ್' ಎಂಬ ಎಕ್ಸೆಪ್ಷನ್ ಎಸೆಯುತ್ತದೆ. ಪೈಟೆಸ್ಟ್ ಎಂಬ ಟೆಸ್ಟ್ ಉಪಕರಣದಲ್ಲಿ ಅದನ್ನು ಹಿಡಿದು, ಕೋಡ್ ಸರಿಯಿದೆಯೇ ನೋಡಿ, ಮುಂದಿನ ಟೆಸ್ಟ್‌ಗೆ ಹೋಗಬಹುದು.

ಇಷ್ಟು ಶಿಸ್ತಿನವರು ಊಟಕ್ಕೆ ಕರೆದರೆ ಮಾತ್ರ "ಐದ ನಿಮಿಷ ಬೇ" ಎಂದು ಹ್ಯಾಂಗ್ ಆಗುತ್ತಾರೆ. ಪ್ರೋಗ್ರಾಂ ಆಗಿದ್ದರೆ 'ಟೈಮ್‌ಔಟ್' ಆಜ್ಞೆ ಗಡುವು ಮುಗಿದೊಡನೆ ನಿಲ್ಲಿಸಿ 124 ಎನ್ನುತ್ತಿತ್ತು. ಅವ್ವ ಅಷ್ಟು ನಾಜೂಕಿನವಳಲ್ಲ, ವೈಫೈ ಪ್ಲಗ್ಗನ್ನೇ ಕೀಳುತ್ತಾಳೆ. ಸಾಹೇಬರು ರೊಟ್ಟಿ ಮುರಿಯುತ್ತಲೇ ಲೆಕ್ಕ ಒಪ್ಪಿಸುತ್ತಾರೆ: ಬಲವಂತವಾಗಿ ಕೊಲ್ಲುವ ಸಿಗ್ನಲ್ 9, ಅದಕ್ಕೆ 128 ಕೂಡಿದರೆ ಎಕ್ಸಿಟ್ ಕೋಡ್ 137.

ಇವರನ್ನು ಕಾಣಬೇಕೆಂದರೆ ಸೋಮವಾರ, ಗುರುವಾರ ಬಿಟ್ಟು ಹೋಗಿ. ಆ ದಿನ ಮೆಣಸಿನಕಾಯಿ ಟೆಂಡರ್. ಬ್ಯಾಡಗಿಯಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ.