ನಿಂತ ಗಾಡಿಯ ನಡುಕ: ಒಂದು ಮೀಮಾಂಸೆ

ಓಡುವ ಗಾಡಿ ಅಲುಗುವುದು ಲೋಕಸಹಜ; ಅದಕ್ಕೆ ನಮ್ಮ ರಸ್ತೆಗಳೇ ಸಾಕು. ನಿಂತ ಗಾಡಿ ಅಲುಗುವುದು ಮಾತ್ರ ಶಾಸ್ತ್ರವಿಚಾರಕ್ಕೆ ಯೋಗ್ಯ. ಆಕರ: ಪ್ರಬಂಧಕಾರನ ಹನ್ನೊಂದು ವರ್ಷದ ಪೆಟ್ರೋಲ್ ಕಾರು. ಕ್ಷೇತ್ರಕಾರ್ಯ: ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್. ಚಿಂತನೆಗೆ ಅಲ್ಲಿ ಸಿಗುವಷ್ಟು ಬಿಡುವು ಯಾವ ವಿಶ್ವವಿದ್ಯಾಲಯದಲ್ಲೂ ಸಿಗದು.

ಮೊದಲು ಲಕ್ಷಣ. ಬಿಸಿಯಾದ ಎಂಜಿನ್ ನಿಂತಲ್ಲೇ ನಿಮಿಷಕ್ಕೆ ಸುಮಾರು 700ರಿಂದ 850 ಸುತ್ತು ತಿರುಗಬೇಕು. ನಮ್ಮ ಆಕರದಲ್ಲಿ ಮುಳ್ಳು 500ಕ್ಕೆ ಇಳಿದು, ಬೆಚ್ಚಿಬಿದ್ದು 1000ಕ್ಕೆ ನೆಗೆದು, ಮತ್ತೆ ಇಳಿಯುತ್ತಿತ್ತು. ಸ್ಟೀರಿಂಗಿಗೆ ಚಳಿಜ್ವರ. ಡ್ಯಾಶ್‌ಬೋರ್ಡಿನ ಮೇಲಿನ ಸ್ಪ್ರಿಂಗ್ ಕೊರಳಿನ ನಾಯಿ ಎಲ್ಲದಕ್ಕೂ ಹೌದೌದು ಎನ್ನುತ್ತಿತ್ತು. ಏಸಿ ಹಾಕಿದರೆ ಗಾಡಿಯೇ ಆಫ್.

ಪೂರ್ವಪಕ್ಷದಲ್ಲಿ ಮೂರು ಮತಗಳಿವೆ. ಪಕ್ಕದ ಮನೆಯವರು ಪೆಟ್ರೋಲ್‌ವಾದಿಗಳು: “ಬಂಕ್ ಬದಲಾಯಿಸಿ ಸಾರ್.” ಮೊದಲ ಮೆಕ್ಯಾನಿಕ್ ಪ್ಲಗ್‌ವಾದಿ, ನಾಲ್ಕೂ ಬದಲಿಸಿ, ಕಾಸು ಎಣಿಸಿಕೊಂಡು, “ಓಡಿಸ್ತಾ ಸರಿಹೋಗತ್ತೆ” ಎಂಬ ಭಾಷ್ಯ ಬರೆದ. ನಮ್ಮ ಅತ್ತೆಯವರದು ದೃಷ್ಟಿಮತ. ಚಕ್ರದಡಿ ನಿಂಬೆಹಣ್ಣಿಟ್ಟರು. ಮೂರರಲ್ಲಿ ಅತಿ ಅಗ್ಗದ್ದು ಇದೇ, ಫಲ ಮಾತ್ರ ಮೂರರದೂ ಒಂದೇ.

ಇನ್ನು ಸಿದ್ಧಾಂತ: ದೋಷ ಥ್ರಾಟಲಿನದು. ‘ಥ್ರಾಟಲ್’ ಶಬ್ದದ ಮೂಲ ಇಂಗ್ಲಿಷಿನಲ್ಲಿ ಗಂಟಲು. ನಮ್ಮ ಗ್ಯಾರೇಜಿನವರು ಇದನ್ನು ‘ತ್ರಾಟ್ಲು’ ಎಂದು ತದ್ಭವ ಮಾಡಿಕೊಂಡಿದ್ದಾರೆ. ವ್ಯಾಕರಣಕಾರ ಕೇಶಿರಾಜ ಇದ್ದಿದ್ದರೆ ಒಂದು ಸೂತ್ರವನ್ನಾದರೂ ದಯಪಾಲಿಸುತ್ತಿದ್ದ. ಎಂಜಿನ್ನು ಉಸಿರೆಳೆಯುವ ಈ ಗಂಟಲಲ್ಲಿ ಒಂದು ದುಂಡನೆಯ ತಟ್ಟೆ ಇದೆ. ಆಕ್ಸಿಲರೇಟರ್ ತುಳಿದರೆ ಅದು ತೆರೆಯುತ್ತದೆ. ಕಾಲು ತೆಗೆದರೆ ಹೆಚ್ಚುಕಡಿಮೆ ಮುಚ್ಚಿ, ಕೂದಲೆಳೆಯಷ್ಟು ಸಂದಿನಲ್ಲಿ ಗಾಳಿ ಬಿಡುತ್ತದೆ. ಎಂಜಿನ್ನಿನ ಹೊಟ್ಟೆಯಿಂದ ಮೇಲೇರುವ ಆಯಿಲ್ ಆವಿ ವರ್ಷಾನುಗಟ್ಟಲೆ ಅಲ್ಲಿ ಅಂಟಿ, ಕಾವಲಿಯ ಅಂಚಿನ ಜಿಡ್ಡಿನಂತೆ ಕರ್ರಗೆ ಗಟ್ಟಿಯಾಗುತ್ತದೆ. ಸಂದು ಕಟ್ಟುತ್ತದೆ. ಗಾಡಿಗೆ ಏದುಸಿರು.

ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಇದು ಇಷ್ಟು ಗಹನವಾಗಿರಲಿಲ್ಲ. ಕಾರ್ಬ್ಯುರೇಟರಿಗೆ ಒಂದು ಸ್ಕ್ರೂ ಇತ್ತು. ಬಾಯಲ್ಲಿ ಬೀಡಿ ಕಚ್ಚಿದ ಮೇಸ್ತ್ರಿ ಕಿವಿಗೊಟ್ಟು, ಶ್ರುತಿ ಕೂಡಿಸುವ ತಂಬೂರಿಯವನಂತೆ ಕಾಲು ಸುತ್ತು ತಿರುಗಿಸುತ್ತಿದ್ದ. ಈಗ ಆ ಜಾಗದಲ್ಲಿ ಇಸಿಯು ಎಂಬ ಕಂಪ್ಯೂಟರ್ ಗುಮಾಸ್ತ ಕುಳಿತಿದ್ದಾನೆ. ಕೊಳೆ ಹೆಚ್ಚಿದಂತೆ ತಟ್ಟೆಯನ್ನು ಅಷ್ಟಷ್ಟೇ ಹೆಚ್ಚು ತೆರೆದು, ಆ ಲೆಕ್ಕವನ್ನು ಬರೆದಿಟ್ಟುಕೊಳ್ಳುತ್ತಾನೆ. ಹೊಂದಿಸಿಕೊಳ್ಳಲು ಅವನಿಗೂ ಒಂದು ಮಿತಿಯುಂಟು. ಅದು ಮುಗಿದಲ್ಲಿ ನಡುಕ ಶುರು.

ಪ್ರಬಂಧಕಾರ ಎಡವಿದ್ದು ಇಲ್ಲಿ. ಜೆ.ಸಿ. ರಸ್ತೆಯಿಂದ ಕ್ಲೀನರ್ ಸ್ಪ್ರೇ ತಂದು, ಏರ್ ಫಿಲ್ಟರಿನ ಪೈಪ್ ಕಳಚಿ, ಹಳೆಯ ಬನಿಯನ್ನಿನಿಂದ ತಟ್ಟೆಯ ಅಂಚನ್ನು ಬೆಳ್ಳಿಲೋಟದಂತೆ ಒರೆಸಿದ. ಸ್ಟಾರ್ಟ್ ಮಾಡಿದರೆ ಮುಳ್ಳು 1500! ಕೊಳೆ ಹೋಗಿದೆ, ಕೊಳೆಯ ಲೆಕ್ಕ ಹೋಗಿಲ್ಲ. ಇದನ್ನೇ ವೇದಾಂತಿಗಳು ವಾಸನೆ ಎನ್ನುವುದು. ಗುಮಾಸ್ತ ಹಳೇ ರಿಜಿಸ್ಟರ್ ನೋಡಿಕೊಂಡು ಈಗಲೂ ಬಾಗಿಲು ಅಗಲಕ್ಕೆ ತೆರೆದಿಟ್ಟಿದ್ದಾನೆ.

ವಾಸನಾಕ್ಷಯದ ವಿಧಿ ಹೀಗಿದೆ. ಹತ್ತನೇ ನಂಬರ್ ಸ್ಪ್ಯಾನರಿನಿಂದ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಕಳಚಿ, ಕಾಲು ಗಂಟೆ ಕಾಯುವುದು. (ಈ ಸ್ಪ್ಯಾನರ್ ಬೇಕಾದಾಗ ಸಿಗದೆ ಇರುವುದು ಪ್ರತ್ಯೇಕ ಪ್ರಬಂಧದ ವಿಷಯ.) ಮತ್ತೆ ಜೋಡಿಸಿ, ಕೀ ಆನ್ ಮಾಡಿ, ಸ್ಟಾರ್ಟ್ ಮಾಡದೆ ಅರ್ಧ ನಿಮಿಷ ಮೌನ. ಆಮೇಲೆ ಸ್ಟಾರ್ಟ್; ಏಸಿ, ಲೈಟು ಬಂದ್; ಆಕ್ಸಿಲರೇಟರ್ ಮುಟ್ಟದೆ ಹತ್ತು ನಿಮಿಷ, ರೇಡಿಯೇಟರ್ ಫ್ಯಾನ್ ತಿರುಗುವ ತನಕ. ಕೊನೆಗೆ ಏಸಿ ಹಾಕಿ ಐದು ನಿಮಿಷ. ಗುಮಾಸ್ತ ಹೊಸ ಪುಸ್ತಕ ತೆರೆದು, ಮೊದಲ ಪುಟದಿಂದ ಬರೆಯುತ್ತಾನೆ. ಕೆಲವು ಗಾಡಿಗಳು ಇಷ್ಟಕ್ಕೆ ಒಲಿಯವು. ಸ್ಕ್ಯಾನರ್ ಜೋಡಿಸಿಯೇ ಮರೆವು ಬರಿಸಬೇಕು. ರಿಜಿಸ್ಟರ್ ಹರಿದರೂ ನಡುಗಿದರೆ ಎಂಜಿನ್ ಮೌಂಟನ್ನೋ ಬಿರಿದ ವ್ಯಾಕ್ಯೂಮ್ ಪೈಪನ್ನೋ ನೋಡಬೇಕು. ಒಂದು ನಿಷೇಧವಾಕ್ಯವೂ ಉಂಟು: ಕೀ ಆನ್ ಇರುವಾಗ ಆ ತಟ್ಟೆಗೆ ಬೆರಳು ಹಾಕಬೇಡಿ. ತಟ್ಟೆ ತಿರುಗಿಸುವ ಮೋಟಾರಿನ ಹಲ್ಲೂ ಉಳಿಯುತ್ತದೆ, ಬೆರಳೂ ಉಳಿಯುತ್ತದೆ.

ಮುಳ್ಳು ಈಗ 750ರ ಮೇಲೆ ಕದಲದೆ ನಿಂತಿದೆ. ಸ್ಪ್ರಿಂಗ್ ನಾಯಿ ನಮ್ಮ ಯಾವ ಮಾತಿಗೂ ತಲೆದೂಗುತ್ತಿಲ್ಲ. ನಿಂಬೆಹಣ್ಣಿನ ಗೆಲುವೆಂದು ಅತ್ತೆಯವರು ಘೋಷಿಸಿದ್ದಾರೆ. ಕಾರಿನ ಗಡಿಯಾರ ಮಾತ್ರ ಬ್ಯಾಟರಿ ಕಳಚಿದ ಅಂದಿನಿಂದ ಮೂರು ಗಂಟೆ ಹಿಂದೆ ಓಡುತ್ತಿದೆ. ಅದನ್ನು ಸರಿಮಾಡುವುದು ಹೇಗೆಂದು ಬಲ್ಲ ವಿದ್ವಾಂಸರು ದಯಮಾಡಿ ತಿಳಿಸಬೇಕು.