ನೀರು ಬರಲ್ವಂತೆ!

ಹೋದ ಮಂಗಳವಾರ ಬೆಳಿಗ್ಗೆ ಪಕ್ಕದ ಮನೆ ಅಕ್ಕ ಕಾಂಪೌಂಡ್ ಮೇಲಿಂದ ತಲೆ ಎತ್ತಿ, "ನಾಳೆಯಿಂದ ಮೂರು ದಿನ ನೀರು ಬರಲ್ವಂತೆ ಕಣಮ್ಮಾ, ತುಂಬಿಸಿಟ್ಕೋ" ಅಂದರು. ಅಂದದ್ದೇ ತಡ, ಬೀದಿಗೆ ಬೀದಿಯೇ ಡ್ರಮ್ಮು, ಬಕೆಟ್ಟು, ಕೊಡಪಾನ ಹೊರಗಿಟ್ಟಿತು. ಎದುರು ಮನೆಯವರು ಅಟ್ಟದ ಮೇಲಿದ್ದ ಹಿತ್ತಾಳೆ ಹಂಡೆಯನ್ನೂ ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕಿದರು. ಮೂರು ದಿನ ನೀರಿಲ್ಲ ಅಂದರೆ ಯಾರಿಗೆ ತಾನೇ ಗಾಬರಿಯಾಗಲ್ಲ, ಅಲ್ವಾ? ಬುಧವಾರ ಬೆಳಿಗ್ಗೆ ನೋಡಿದರೆ ನಲ್ಲಿ ಎಂದಿನ ಹಾಗೆ ಐದೂಮುಕ್ಕಾಲಿಗೇ ಗೊರಗೊರ ಅಂದಿತು.

ಆಮೇಲೆ ಅಕ್ಕನ ಫೋನು ಇಸಿದುಕೊಂಡು ಆ ಮೆಸೇಜನ್ನು ನಿಧಾನವಾಗಿ ಓದಿದೆ. ಪೈಪ್‌ಲೈನ್ ದುರಸ್ತಿ, ಬಡಾವಣೆಗಳ ಹೆಸರು, ಸಾರ್ವಜನಿಕರು ಸಹಕರಿಸಬೇಕೆಂಬ ವಿನಂತಿ, ಎಲ್ಲಾ ಅಚ್ಚುಕಟ್ಟು. ತಾರೀಖು ಮಾತ್ರ ಇಲ್ಲ. ಬರೀ "ನಾಳೆಯಿಂದ". ಯಾವ ನಾಳೆ? ಬರೆದವರ ನಾಳೆಯೋ, ಓದಿದವರ ನಾಳೆಯೋ? ಎರಡು ವರ್ಷದ ಹಿಂದೆ ಬರೆದಿದ್ದರೂ ತೆರೆದ ದಿನಕ್ಕೆ ಅದು ಹೊಸದೇ. ಹುಳಿ ಹಳಸುತ್ತೆ, ಅನ್ನ ಹಳಸುತ್ತೆ, ಇಂಥ ನಾಳೆ ಹಳಸುವುದೇ ಇಲ್ಲ ನೋಡಿ.

ನಾಳೆ ಅಂದ ಕೂಡಲೇ ನೆನಪಾಯಿತು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ "ನಾಳೆ ಬಾ" ಅಂತ ಬರೆದಿದ್ದರಲ್ಲ! ರಾತ್ರಿ ಹೊತ್ತು ದೆವ್ವ ಬಂದು ಮನೆಯವರದೇ ದನಿಯಲ್ಲಿ ಕರೆಯುತ್ತೆ, ಬಾಗಿಲು ತೆಗೆದರೆ ಕತೆ ಮುಗೀತು. ನಾಳೆ ಬಾ ಅಂತಿದ್ದರೆ ಓದಿಕೊಂಡು ಹೋಗುತ್ತೆ, ಮಾರನೆಯ ದಿನ ಮತ್ತೆ ಓದಿಕೊಂಡು ಹೋಗುತ್ತೆ. ನಮ್ಮ ಅಜ್ಜಿ ನನ್ನ ಕೈಗೆ ಸೀಮೆಸುಣ್ಣ ಕೊಡುವ ಮೊದಲು, "ಯಾರ ಮನೆಗೆ ಬಂದಿತ್ತಂತೆ, ಕೇಳ್ಕೊಂಡು ಬಾ" ಅಂದಳು. ನಾನು ಹೊರಟೆ. ಟೈಲರ್ ಮನೆಯವರು ಹಿಂದಿನ ಬೀದಿಗೆ ಅಂದರು. ಹಿಂದಿನ ಬೀದಿಯವರು ಹಿಟ್ಟಿನ ಗಿರಣಿ ಹತ್ತಿರ ಅಂದರು. ಗಿರಣಿಯವನು ಹಿಟ್ಟು ಮೆತ್ತಿದ ಹುಬ್ಬು ಹಾರಿಸಿ, ತನ್ನ ಅತ್ತಿಗೆಯ ತಂಗಿಯ ಓರಗಿತ್ತಿಗೆ ಗೊತ್ತು, ಅವರಿರೋದು ಶ್ರೀರಾಮಪುರದಲ್ಲಿ ಅಂದ. ಎಲ್ಲರಿಗೂ ಗೊತ್ತಿತ್ತು. ಕಣ್ಣಾರೆ ಕಂಡವರು ಮಾತ್ರ ಯಾವಾಗಲೂ ಮುಂದಿನ ಬೀದಿಯಲ್ಲಿ.

ನಮ್ಮ ಕನ್ನಡದ "ಅಂತೆ" ಇದೆಯಲ್ಲ, ಎಷ್ಟು ಪ್ರಾಮಾಣಿಕವಾದ ಮಾತು ಅದು! ಅಕ್ಕ "ಬರಲ್ವಂತೆ" ಅಂದರೇ ಹೊರತು "ಬರಲ್ಲ" ಅನ್ನಲಿಲ್ಲ. ನಾನು ಕಂಡಿಲ್ಲ, ಕೇಳಿದ್ದು ಹೇಳ್ತಿದೀನಿ ಅನ್ನುವುದನ್ನು ಆ ಪುಟ್ಟ ಬಾಲ ಹೇಳಿಬಿಡುತ್ತೆ. ಫೋನಿಂದ ಫೋನಿಗೆ ಹಾರುವ ಸುದ್ದಿಯಲ್ಲಿ ಮೊದಲು ಬಿದ್ದುಹೋಗುವುದೇ ಆ ಬಾಲ. ಪತ್ರಿಕೆ, ಟಿವಿಗೆ ಬಂದರೆ ಅದೇ ಅಂತೆ ಇಸ್ತ್ರಿ ಬಟ್ಟೆ ತೊಟ್ಟು "ಎನ್ನಲಾಗಿದೆ" ಆಗುತ್ತೆ, "ಮೂಲಗಳು ತಿಳಿಸಿವೆ" ಆಗುತ್ತೆ. ನಾನು ಬೆಳಗಿನ ಪೇಪರಿನಲ್ಲಿ ಎನ್ನಲಾಗಿದೆಗಳಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕುತ್ತೇನೆ. ಇದ್ದ ಮಾತ್ರಕ್ಕೆ ಸುದ್ದಿ ಸುಳ್ಳು ಅಂತಲ್ಲ. ಕೋರ್ಟು ತೀರ್ಮಾನಿಸುವ ಮೊದಲು ಯಾರನ್ನೂ ಕಳ್ಳ ಅನ್ನುವ ಹಾಗಿಲ್ಲವಲ್ಲ, ಅಲ್ಲಿ ಆ ಮಾತು ಬೇಕೇ ಬೇಕು. ಹೆಸರು ಹೊರಬಿದ್ದರೆ ಕೆಲಸ ಕಳೆದುಕೊಳ್ಳುವ ಗುಮಾಸ್ತ ಲಂಚದ ಕಡತ ತೋರಿಸಿದ್ದರೆ ವರದಿಗಾರ ಆ ಹೆಸರು ಮುಚ್ಚಿಡುವುದೇ ಧರ್ಮ. ಆದರೆ ಒಂದು ಕಾಲಮ್ಮಿನಲ್ಲಿ ಐದು ಸುತ್ತು ಬಿದ್ದು, ಒಬ್ಬ ಅಧಿಕಾರಿಯ ಹೆಸರೂ ಒಂದು ಠಾಣೆಯ ಹೆಸರೂ ಇಲ್ಲದಿದ್ದರೆ? ಆ ಪುಟ ಮಡಚಿ, ನಾಳೆ ಏನು ಬರುತ್ತೋ ನೋಡೋಣ ಅಂತ ಕಾಯುತ್ತೇನೆ.

ಈ ಗಾಳಿಮಾತೇನು ಇವತ್ತಿನ ಕಾಟವಾ? ಕನ್ನಡದ ಮೊದಲ ಪತ್ರಿಕೆ ಹುಟ್ಟಿದ್ದೇ ಇದರಿಂದ. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಕಲ್ಲಚ್ಚಿನಲ್ಲಿ "ಮಂಗಳೂರ ಸಮಾಚಾರ" ತಂದಾಗ, ಇದು ಯಾಕೆ ಅಂತ ಅದರಲ್ಲೇ ಹೇಳಿಕೊಂಡಿದ್ದರು. ಕಚೇರಿಯವರು ಸಂಜೆ ಮನೆಗೆ ಹೋಗುವಾಗ ಜನ ದಾರಿಯಲ್ಲಿ ನಿಲ್ಲಿಸಿ ಏನು ವರ್ತಮಾನ ಅಂತ ಕೇಳುವುದು, ಅವರು ಒಬ್ಬೊಬ್ಬರೂ ಒಂದೊಂದು ಹೇಳುವುದು, ಅದು ಊರೆಲ್ಲ ಹಬ್ಬಿ ಮಾರನೆಯ ದಿನ ಸುಳ್ಳಾಗುವುದು. ಆ ಜಗಲಿ ಮಾತಿಗೆ ಮದ್ದು ಅಂತ ಬಂದದ್ದು ಪತ್ರಿಕೆ. ಜುಲೈ 1 ನಮಗೆ ಪತ್ರಿಕಾ ದಿನ ಆಗಿರುವುದೂ ಅದರಿಂದಲೇ. ಆ ಋಣ ದೊಡ್ಡದು. ಹಾಗಾಗಿಯೇ ಪತ್ರಿಕೆ, ಟಿವಿಯವರೂ ಜಗಲಿಗೆ ಬಂದು ಕೂತರೆ ನನಗೆ ಹೊಟ್ಟೆ ಉರಿಯುತ್ತೆ.

2016ರ ನವೆಂಬರ್ ಮರೆತಿಲ್ಲ ತಾನೆ? ಹೊಸ ಎರಡು ಸಾವಿರದ ನೋಟಿನೊಳಗೆ ಚಿಪ್ ಇದೆ, 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹಕ್ಕೆ ಕಾಣುತ್ತೆ ಅಂತ ಟಿವಿಯಲ್ಲಿ ಗಂಟೆಗಟ್ಟಲೆ ವಿವರಣೆ. ನಮ್ಮ ಮನೆಯವರು ಬ್ಯಾಂಕಿನ ಸಾಲಿನಲ್ಲಿ ಅರ್ಧ ದಿನ ನಿಂತು ತಂದ ಒಂದೇ ಒಂದು ನೋಟನ್ನು ಕಿಟಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದೆವು. ಕೆನ್ನೇರಳೆ ಬಣ್ಣ, ಗಾಂಧಿ, ಹಿಂದೆ ಮಂಗಳಯಾನ. ರಿಸರ್ವ್ ಬ್ಯಾಂಕಿನ ಪ್ರಕಟಣೆಯಲ್ಲೂ ಚಿಪ್ಪಿನ ಸೊಲ್ಲೇ ಇರಲಿಲ್ಲ. ಅಂಗಡಿಯ ನೆಲಮಾಳಿಗೆಗೆ ಇಳಿದರೆ ಬ್ಯಾಟರಿ ಇರುವ ಫೋನಿಗೇ ಸಿಗ್ನಲ್ ಸಿಗಲ್ಲ. ಬ್ಯಾಟರಿಯಿಲ್ಲದ ಕಾಗದ 120 ಮೀಟರ್ ಮಣ್ಣಿನಡಿಯಿಂದ ಆಕಾಶಕ್ಕೆ ಮಾತಾಡುತ್ತಾ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯಿತು, ಅಲ್ವಾ?

ಅದರಿಂದ ಯಾರ ಜೀವವೂ ಹೋಗಲಿಲ್ಲ. 2018ರಲ್ಲಿ ಹೋಯಿತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವೀಡಿಯೊ ನಿಮಗೂ ಬಂದಿರಬೇಕು. ಅದನ್ನು ಮಾಡಿದ್ದು ಕರಾಚಿಯಲ್ಲಿ, ಮಕ್ಕಳ ಮೇಲೆ ಗಮನವಿಡಿ ಅಂತ ಎಚ್ಚರಿಸುವುದಕ್ಕೆ. ಪೂರ್ತಿ ನೋಡಿದರೆ ಅವರೇ ತಿರುಗಿ ಬಂದು ಮಗುವನ್ನು ಇಳಿಸುತ್ತಾರೆ, ಆಮೇಲೆ ಬರಹವಿರುವ ಫಲಕ ತೋರಿಸುತ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿದರು. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಗುಲ್ಲಿಗೆ ಮೇ ತಿಂಗಳಲ್ಲಿ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ಹೊಟ್ಟೆಪಾಡಿಗೆ ಬಂದಿದ್ದ ಹುಡುಗನನ್ನು ಜನ ಹೊಡೆದು ಕೊಂದರು. ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇನ್ನೊಬ್ಬ. ಮಕ್ಕಳಿಗೆ ಚಾಕಲೇಟು ಕೊಟ್ಟಿದ್ದೇ ತಪ್ಪಾಯಿತು. ವೀಡಿಯೊ ಕಳಿಸಿದವರೆಲ್ಲ ಮಕ್ಕಳ ಮೇಲಿನ ಅಕ್ಕರೆಯಿಂದಲೇ ಕಳಿಸಿದ್ದು. ಅದನ್ನು ನೆನೆದರೆ ಈಗಲೂ ಸಂಕಟ.

ಎಲ್ಲಿದ್ದೆ? ಹಾಂ, ನೀರು. ಅಕ್ಕ ಆ ಡ್ರಮ್ಮಿನ ನೀರನ್ನೆಲ್ಲ ದಾಸವಾಳಕ್ಕೂ ಕರಿಬೇವಿಗೂ ಹಾಕಿದರು. ಎದುರು ಮನೆ ಹಂಡೆ ಹೊಳೆಯುತ್ತಾ ಇನ್ನೂ ಕೆಳಗೇ ಇದೆ. ಇವತ್ತು ಬೆಳಿಗ್ಗೆ ಅಕ್ಕ ಮತ್ತೆ ಕಾಂಪೌಂಡ್ ಹತ್ತಿರ ಬಂದು, "ನಾಡಿದ್ದು ದಿನವಿಡೀ ಕರೆಂಟ್ ಇರಲ್ವಂತೆ" ಅಂದವರು, ನಾನು ಬಾಯಿ ಬಿಡುವ ಮೊದಲೇ "ತಡಿ" ಅಂತ ಒಳಗೆ ಹೋಗಿ ಕನ್ನಡಕ ಹಾಕಿಕೊಂಡು ಪೇಪರ್ ತಂದರು. ಕಾಂಪೌಂಡ್ ಮೇಲೆ ಹರಡಿ ಇಬ್ಬರೂ ಓದಿದೆವು. ತಾರೀಖು ಇತ್ತು, ಹತ್ತರಿಂದ ಐದು ಅಂತ ಹೊತ್ತು ಇತ್ತು, ಉಪಕೇಂದ್ರದ ಹೆಸರೂ ನಮ್ಮ ಬೀದಿಯ ಹೆಸರೂ ಇತ್ತು, ಹೊರಡಿಸಿದ ಎಂಜಿನಿಯರ ಹುದ್ದೆ ಕೆಳಗಿತ್ತು.

ಅಕ್ಕಿ, ಉದ್ದು ನೆನೆಹಾಕಬೇಕು. ಇಡ್ಲಿ ಹಿಟ್ಟು ನಾಳೆಯೇ ರುಬ್ಬಿಟ್ಟುಕೊಳ್ಳುತ್ತೇನೆ.