ಬಕಚಿತ್ರ ಮೀಮಾಂಸೆ: ಹೊರ ಬೆಂಗಳೂರಿನ ಕೆರೆಗಳಲ್ಲಿ ಮಸುಕಿನ ಮಹಿಮೆ

ವರ್ತೂರು, ಬೆಳ್ಳಂದೂರು, ಬೇಗೂರು, ಪೀಣ್ಯದ ಕರಿಹೋಬನಹಳ್ಳಿ ಎಂಬ ನಾಲ್ಕು ಪುಣ್ಯಕ್ಷೇತ್ರಗಳಲ್ಲಿ ಶನಿವಾರ, ಭಾನುವಾರ ಬೆಳಗಿನ ಜಾವ ಆಚರಿಸಲಾಗುವ ಬಕಪಕ್ಷಿಯ ಫೋಟೊ ತೆಗೆಯುವ ಬಕಚಿತ್ರಗ್ರಹಣವೆಂಬ ವ್ರತಕ್ಕೆ ಇನ್ನೂ ಒಂದು ಶಾಸ್ತ್ರಗ್ರಂಥ ಇಲ್ಲದಿರುವುದು ವಿದ್ವಲ್ಲೋಕದ ದೌರ್ಭಾಗ್ಯ. ಪ್ರಾಚೀನ ಆಧಾರ ಹುಡುಕಹೊರಟರೆ ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ಕ್ರಿ.ಶ. 890ರ ಸುಮಾರಿನ ಶಾಸನವೊಂದು ಸಿಗುತ್ತದೆ. ಅದರಲ್ಲಿ ಬೆಂಗಳೂರು ಕಾಳಗದ ಪ್ರಸ್ತಾಪವಿದೆ, ಬಕದ ಪ್ರಸ್ತಾಪವಿಲ್ಲ. ಆದರೂ ಇಂದು ಕೆರೆ ಏರಿಯ ಮೇಲೆ ಟ್ರೈಪಾಡ್ ಊರುವ ಜಾಗಕ್ಕಾಗಿ ನಡೆಯುತ್ತಿರುವುದು ಅದೇ ಕಾಳಗದ ಮುಂದುವರಿದ ಭಾಗವೆಂಬುದು ನನ್ನ ಮತ. ಒಪ್ಪದವರು ಆರು ಗಂಟೆಗೆ ಮುಂಚೆ ಬಂದು ನೋಡತಕ್ಕದ್ದು.

ಮೊದಲು ಪಕ್ಷಿಲಕ್ಷಣ. ಕತ್ತನ್ನು ಮಡಚಿಕೊಂಡು ಹಾರಿದರೆ ಬಕ, ನೀಳವಾಗಿ ಚಾಚಿಕೊಂಡು ಹಾರಿದರೆ ಕೊಕ್ಕರೆ. ನೋಡುವವರಿಗೆ ಮಾತ್ರ ಎರಡೂ ಕೊಕ್ಕರೆಯೇ. ಬೂದು ಬಕ ಸುಮಾರು ಮೂರಡಿ ಎತ್ತರ, ಬಯಲಿನಲ್ಲೇ ನಿಲ್ಲುತ್ತದೆ, ಹಾಗಾಗಿ ಮರ್ಯಾದೆ ಸಾಧಾರಣ. ನೇರಳೆ ಬಕ ಜೊಂಡಿನೊಳಗೆ ಅವಿತಿರುವುದರಿಂದ ಅದಕ್ಕೆ ಲೈಕು ಜಾಸ್ತಿ. ಕೊಳದ ಬಕವಂತೂ ಕೂತಾಗ ಕೆಸರಿನ ಬಣ್ಣ, ರೆಕ್ಕೆ ಬಿಚ್ಚಿದೊಡನೆ ಅಚ್ಚ ಬಿಳುಪು. ಇಂಥ ಇಂದ್ರಜಾಲ ಈ ಕೆರೆಗಳ ಬೇರಾವ ಬಕಕ್ಕೂ ಬಾರದು. ಆದರೆ ಎಲ್ಲ ಮೋರಿಗಳ ಪಕ್ಕದಲ್ಲೂ ಸಿಗುವುದರಿಂದ ಅದರತ್ತ ಯಾರೂ ಲೆನ್ಸ್ ತಿರುಗಿಸುವುದಿಲ್ಲ. ಏರಿಯ ಮೇಲೂ ಜಾತಿ ಇದೆ ಎಂಬುದಕ್ಕೆ ಇಷ್ಟು ಸಾಕು.

ಇನ್ನು ಛಾಯಾಗ್ರಾಹಕಲಕ್ಷಣ. ಬಕ ಅರ್ಧ ಗಂಟೆ ಕದಲದೆ ನಿಲ್ಲುವುದನ್ನು ಕಂಡು ಹೊರಗಿನವರು ಬೆರಗಾಗುತ್ತಾರೆ. ವಾರದ ಐದು ದಿನ ಮಾರತಹಳ್ಳಿ ಸೇತುವೆಯ ಹತ್ತಿರವೋ ಸಿಲ್ಕ್ ಬೋರ್ಡಿನ ಹತ್ತಿರವೋ ಟ್ರಾಫಿಕ್ಕಿನಲ್ಲಿ ನಿಂತು ಪಳಗಿದ ಸಾಧಕನಿಗೆ ಅದೊಂದು ವಿಶೇಷವೇ ಅಲ್ಲ.

ಈಗ ಮುಖ್ಯ ಪ್ರಮೇಯ. ಇಲ್ಲಿ ಪೂರ್ವಪಕ್ಷಿಗಳು ಹೇಳುವುದೇನೆಂದರೆ, ಛಾಯಾಗ್ರಾಹಕನ ಗುರಿ ಬಕ. ಇದು ಅಜ್ಞಾನ. ಗುರಿ ಬಕವೇ ಆಗಿದ್ದರೆ ಬರಿಗಣ್ಣು ಸಾಕಿತ್ತು, ಹೆಚ್ಚೆಂದರೆ ಒಂದು ದುರ್ಬೀನು. ಲಕ್ಷಗಟ್ಟಲೆ ಸುರಿದು 600 ಎಂಎಂ ಲೆನ್ಸ್ ತರುವುದು ಬಕವನ್ನು ಕಾಣಿಸಲಿಕ್ಕಲ್ಲ, ಮಿಕ್ಕದ್ದನ್ನು ಕಾಣದಂತೆ ಮಾಡಲಿಕ್ಕೆ. ಲೆಕ್ಕ ಹಾಕಿ: ಎಫ್/6.3 ಅಪರ್ಚರ್ ಇಟ್ಟು ಹತ್ತು ಮೀಟರ್ ದೂರದ ಹಕ್ಕಿಗೆ ಫೋಕಸ್ ಮಾಡಿದರೆ, ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ಬೀಳುವ ಆಳ ಸುಮಾರು ಹತ್ತು ಸೆಂಟಿಮೀಟರ್. ಹಕ್ಕಿ ನಿಮ್ಮತ್ತ ಮುಖ ಮಾಡಿದ್ದರೆ ಕಣ್ಣಿಗೆ ಫೋಕಸ್ ಸಿಕ್ಕರೂ ಕೊಕ್ಕಿನ ತುದಿ ಕೈತಪ್ಪುತ್ತದೆ. ಹೀಗಿರುವಾಗ ಹಿಂದಿನ ಹದಿನೆಂಟು ಅಂತಸ್ತಿನ ಅಪಾರ್ಟ್‌ಮೆಂಟು ತಿಳಿಗುಲಾಬಿ ಆಕಾಶವಾಗುತ್ತದೆ. ಕಟ್ಟಡದ ಅವಶೇಷ ಸುರಿದ ಗುಡ್ಡೆ ಹೊಂಬಣ್ಣದ ಹುಲ್ಲುಗಾವಲಾಗುತ್ತದೆ. ತೇಲುವ ಪ್ಲಾಸ್ಟಿಕ್ ಚೀಲಗಳು ಬೆಳಕಿನ ಗುಂಡುಗುಂಡು ಮಣಿಗಳಾಗುತ್ತವೆ. ಇವನ್ನು ಬಲ್ಲವರು ಬೊಕೆ ಎಂದು ಕೊಂಡಾಡುತ್ತಾರೆ.

ಈ ಮಸುಕಿನ ಸಾಮರ್ಥ್ಯವನ್ನು ಆಡಳಿತದೊಂದಿಗೆ ಹೋಲಿಸಿ ನೋಡೋಣ. 2015ರ ಮೇ ತಿಂಗಳಲ್ಲಿ ಬೆಳ್ಳಂದೂರು ಕೆರೆಯ ನೊರೆಗೇ ಬೆಂಕಿ ಬಿತ್ತು. 2017ರ ಫೆಬ್ರವರಿಯಲ್ಲಿ ಮತ್ತೆ ಹೊತ್ತಿತು. 2018ರ ಜನವರಿಯಲ್ಲಿ ನಂದಿಸಲು ಸೇನೆಯವರೇ ಬರಬೇಕಾಯಿತು. ಹಸಿರು ನ್ಯಾಯಮಂಡಳಿ ಆದೇಶದ ಮೇಲೆ ಆದೇಶ ಕೊಟ್ಟಿತು, ಹೂಳೆತ್ತುವ ಕೆಲಸ ವರ್ಷಗಟ್ಟಲೆ ಎಳೆಯಿತು. ಅದೇ ಕೆರೆಯನ್ನು ಒಂದು ಅಪರ್ಚರ್ ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ, ಟೆಂಡರ್ ಇಲ್ಲದೆ, ಸ್ವಚ್ಛ ಮಾಡಿ ಕೊಡುತ್ತದೆ. ನಗರದಲ್ಲಿ ಇದಕ್ಕಿಂತ ದಕ್ಷ ಕೆರೆ ಪ್ರಾಧಿಕಾರ ಇನ್ನೊಂದಿಲ್ಲ.

ನೊರೆಯ ವಿಷಯದಲ್ಲಿ ಒಂದು ಸೂಕ್ಷ್ಮ. ಬೆಳ್ಳಂದೂರಿನ ನೀರು ವರ್ತೂರಿಗೆ ಬಂದು, ಕೋಡಿಯಲ್ಲಿ ಧುಮುಕುವಾಗ ನಮ್ಮೆಲ್ಲರ ಬಟ್ಟೆ ಸೋಪು ಸೇರಿಕೊಂಡು ಹಿಂದೆ ರಸ್ತೆಯವರೆಗೂ ನೊರೆ ಏರಿದ್ದುಂಟು. ನೊರೆಯ ಮುಂದೆ ಬೆಳ್ಳಕ್ಕಿ ಬಂದರೆ ಕ್ಯಾಮೆರಾದ ಮೀಟರು ಮೋಸಹೋಗಿ ಎಲ್ಲವನ್ನೂ ಬೂದುಬಣ್ಣಕ್ಕಿಳಿಸುತ್ತದೆ. ಆದ್ದರಿಂದ ಎಕ್ಸ್‌ಪೋಷರ್ ಒಂದು ಸ್ಟಾಪ್ ಏರಿಸತಕ್ಕದ್ದು. ಹಿಮಾಲಯದ ಹಿಮಕ್ಕೂ ಇದೇ ವಿಧಿ.

ಆಕ್ಷೇಪ: ನೀರು ಅಷ್ಟು ಕೆಟ್ಟಿದ್ದರೆ ಬಕ ಅಲ್ಲೇಕೆ ನಿಲ್ಲುತ್ತದೆ? ಸಮಾಧಾನ: ಕೊಳಚೆ ಸೇರಿದ ಕೆರೆಯಲ್ಲಿ ರಾತ್ರಿಯಿಡೀ ಆಮ್ಲಜನಕ ಇಳಿಯುತ್ತಾ ಹೋಗಿ, ಬೆಳಗಿನ ಜಾವಕ್ಕೆ ತಳ ಮುಟ್ಟುತ್ತದೆ. ಉಸಿರು ಕಟ್ಟಿದ ಜಿಲೇಬಿ ಮೀನುಗಳು ಬಾಯಿ ತೆರೆದು ಮೇಲೆ ಬರುತ್ತವೆ. ಬಕಕ್ಕೆ ಹುಡುಕುವ ಕೆಲಸವಿಲ್ಲ. ಕೊಳಚೆ ಕೊಳವೆಯ ಬಾಯಿಯ ಹತ್ತಿರ ನಿಂತ ಬೂದು ಬಕವನ್ನು ನೋಡಿ: ಕತ್ತು ಒಂದಿಷ್ಟೇ ಮುಂದಕ್ಕೆ ಜಾರುತ್ತದೆ, ಅತ್ತಿತ್ತ ತೂಗಿ ಅಂದಾಜು ಹಿಡಿಯುತ್ತದೆ, ಚಕ್ಕನೆ ಒಂದೇ ಏಟು. ಮೀನನ್ನು ಎತ್ತಿ, ತಲೆ ಮುಂದಾಗುವಂತೆ ತಿರುಗಿಸಿ ನುಂಗುತ್ತದೆ. ಉಬ್ಬು ಕತ್ತಿನುದ್ದಕ್ಕೂ ಇಳಿಯುವುದು ಕಾಣುತ್ತದೆ. ಆಮೇಲೆ ಗಂಟಲು ತೊಳೆಯಲು ಎರಡು ಗುಟುಕು ನೀರು ಕುಡಿಯುತ್ತದೆ. ಅದೇ ನೀರು. ಏರಿಯ ಮೇಲಿಂದ ಅಷ್ಟೂ ಹೊತ್ತು ಶಟರ್‌ಗಳ ಪಟಪಟ. ಚಿತ್ರಕ್ಕೆ ಬೀಳುವ ಹೆಸರು: ‘ಮುಂಜಾವಿನ ಪ್ರಶಾಂತತೆ’.

ಹಾರುವ ಚಿತ್ರವೇ ಬೇಕೆಂದು ಕಲ್ಲೆಸೆದು ಹಕ್ಕಿ ಎಬ್ಬಿಸುವ ಪಂಥವೊಂದಿದೆ. ಅವರ ಜತೆ ವಾದವಿಲ್ಲ, ಅವರು ಪುಂಡರು.

ಉಳಿದ ಸಾಧಕರಲ್ಲಿ ಒಂದು ಮನವಿ. ನಿಮ್ಮ ಬಕ ಚೆನ್ನಾಗಿದೆ, ಇನ್ನಷ್ಟು ತೆಗೆಯಿರಿ. ಹೊರಡುವ ಮುಂಚೆ ಜೇಬಿನ ಫೋನಿನಲ್ಲಿಯೂ ಅದೇ ಹಕ್ಕಿಯ ಒಂದು ಫೋಟೊ ಹೊಡೆಯಿರಿ. ಕೊಳವೆ, ಗುಡ್ಡೆ, ಅಪಾರ್ಟ್‌ಮೆಂಟು ಎಲ್ಲವೂ ಬರಲಿ. ಪೋರ್ಟ್ರೇಟ್ ಮೋಡ್ ಮಾತ್ರ ಆಫ್ ಇರಲಿ. ಎರಡನ್ನೂ ಒಟ್ಟಿಗೆ ಹಾಕಿ.